ಸ್ಲೈಡಿನಲ್ಲಿ ಕಂಡದ್ದೆಲ್ಲ ಕಾಡಲ್ಲ: ಕಡಲತಳದ ಕೆಸರಿನ ಪರಾಗದಿಂದ ಅಂಟಾರ್ಕ್ಟಿಕಾದ ಹಳೆಯ ಸಸ್ಯಗಳನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಡಲತಳದ ಕೆಸರಿನಿಂದ ಪರಾಗ ತೆಗೆಯಲು ಹೊರಟವರ ದೂರು ಸಾಮಾನ್ಯವಾಗಿ ಎರಡೇ. ಒಂದು, ‘ಸ್ಲೈಡಿನಲ್ಲಿ ಏನೂ ಸಿಗ್ತಿಲ್ಲ.’ ಇನ್ನೊಂದು, ‘ಎಲ್ಲಾ ಸಿಗ್ತಿದೆ, ಆದರೆ ಒಂದಕ್ಕೊಂದು ತಾಳೆ ಆಗ್ತಿಲ್ಲ.’ ಮೊದಲನೆಯದು ಹೆಚ್ಚಾಗಿ ಲ್ಯಾಬಿನ ತಪ್ಪು, ಸರಿ ಮಾಡಬಹುದು. ಎರಡನೆಯದು ಲೆಕ್ಕದ ತಪ್ಪು. ಅದು ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ.

ಅಂಟಾರ್ಕ್ಟಿಕಾ ಸುತ್ತಲಿನ ಕಡಲತಳದ ಒಂದು ಚಮಚ ಕೆಸರಿನಲ್ಲಿ ನಾಲ್ಕು ಕಡೆಯಿಂದ ಬಂದ ಪರಾಗ ಇರಬಹುದು. ಆ ಕಾಲದಲ್ಲಿ ಹತ್ತಿರದ ನೆಲದ ಮೇಲೆ ಬೆಳೆದ ಗಿಡಗಳದ್ದು. ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬಂದದ್ದು. ಹಿಮನದಿ ಹಳೆಯ ಬಂಡೆಯನ್ನು ಕೆರೆದು ತಂದು ಸುರಿದದ್ದು. ಕೊನೆಗೆ, ನಿಮ್ಮ ಲ್ಯಾಬಿನ ಕಿಟಕಿಯಿಂದ ಒಳಗೆ ಬಂದದ್ದು. ಕಾಡಿನ ಸುದ್ದಿ ಹೇಳುವುದು ಮೊದಲನೆಯದು ಮಾತ್ರ. ಎಡವುವವರು ನಾಲ್ಕನ್ನೂ ಒಟ್ಟಿಗೆ ಎಣಿಸಿ, ಶೇಕಡಾ ಹಾಕಿ, ಆಮೇಲೆ ಬೇರ್ಪಡಿಸಲು ಕೂರುತ್ತಾರೆ. ಅಷ್ಟೊತ್ತಿಗೆ ಹಾಲಿಗೆ ನೀರು ಬೆರೆತಾಗಿರುತ್ತದೆ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ನಾನು ಜಾಸ್ತಿ ಬಳಸಿಕೊಳ್ಳುವುದು ಪೂರ್ವ ಅಂಟಾರ್ಕ್ಟಿಕಾದ ವಿಲ್ಕ್ಸ್ ಲ್ಯಾಂಡ್ ಕರಾವಳಿಯಾಚೆ 2010ರಲ್ಲಿ ಐಒಡಿಪಿ ಎಂಬ ಅಂತರರಾಷ್ಟ್ರೀಯ ಕಡಲತಳ ಕೊರೆತ ಯೋಜನೆಯ 318ನೇ ಯಾನದವರು ಕೊರೆದ ಯು1356 ಎಂಬ ಜಾಗವನ್ನು. ಅಲ್ಲಿ ಸಮುದ್ರದ ಆಳ ಸುಮಾರು 4 ಕಿಲೋಮೀಟರ್, ಅದರ ಕೆಳಗೆ ತೋಡಿದ ರಂಧ್ರ ಸುಮಾರು 1 ಕಿಲೋಮೀಟರ್. ಈ ಕೆಲಸದಲ್ಲಿ ಬರುವ ಎಲ್ಲ ತಲೆನೋವೂ ಆ ಒಂದೇ ರಂಧ್ರದಲ್ಲಿ ಇದೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಫ್ಯೂಮ್ ಹುಡ್ ಬೇಕೇ ಬೇಕು, ಅದೂ ಹೈಡ್ರೋಫ್ಲೋರಿಕ್ ಆಸಿಡ್‌ಗೆಂದೇ ಮಾಡಿದ್ದು. ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಬೀಕರ್‌ಗಳು, ಸೆಂಟ್ರಿಫ್ಯೂಜ್, 10 ಮೈಕ್ರಾನ್ ನೈಲಾನ್ ಜರಡಿ ಬಟ್ಟೆ, ಲೈಕೋಪೋಡಿಯಂ ಮಾತ್ರೆಗಳು (ಜರೀಗಿಡದಂಥ ಒಂದು ಸಸ್ಯದ ಸ್ಪೋರ್, ಅಂದರೆ ಬೀಜಕಣಗಳನ್ನು ಎಣಿಸಿ ತುಂಬಿದವು), ಗ್ಲಿಸರಿನ್ ಜೆಲ್ಲಿ, 40 ಮತ್ತು 100 ಪಟ್ಟಿನ ಲೆನ್ಸ್ ಇರುವ ಮೈಕ್ರೋಸ್ಕೋಪ್. ಮೈಕ್ರೋಸ್ಕೋಪಿಗೆ ಫ್ಲೋರೆಸೆನ್ಸ್ ದೀಪ ಇರಲೇಬೇಕು. ‘ಅದಿಲ್ಲದೆ ಆಗಲ್ವಾ?’ ಅಂತ ಕೇಳುತ್ತಾರೆ. ಕೆರೆಯ ಹೂಳಿಗೆ ಆಗುತ್ತದೆ, ಅಂಟಾರ್ಕ್ಟಿಕಾಕ್ಕೆ ಆಗುವುದಿಲ್ಲ. ಯಾಕೆಂದು ಹಂತ 6ರಲ್ಲಿ ನೋಡೋಣ.

ಹೋಲಿಸಿ ನೋಡಲು ಇಂದಿನ ಗಿಡಗಳ ಪರಾಗದ ಸ್ಲೈಡುಗಳೂ ಬೇಕು. ಇದರಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟಿರುವ ಸಿಲ್ವರ್ ಓಕ್ ನಿಜವಾಗಿ ಓಕ್ ಅಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಪ್ರೋಟಿಯೇಸಿ ಕುಟುಂಬದ ಮರ. ಹಳೆಯ ಅಂಟಾರ್ಕ್ಟಿಕಾದ ಕೆಸರಿನಲ್ಲಿ ಸಿಗುವ ಮೂರು ಮೂಲೆ, ಮೂರು ರಂಧ್ರದ ಪರಾಗ ಇದೇ ಕುಟುಂಬದ್ದು. ಹೂ ಬಿಟ್ಟ ಕಾಲದಲ್ಲಿ ಒಂದು ಗೊಂಚಲು ತಂದಿಟ್ಟುಕೊಳ್ಳಿ. ಬೂರುಗದ ಮರದ ಪರಾಗವೂ ಇರಲಿ, ಅದರ ಅಗತ್ಯ ಮುಂದೆ ಬೀಳುತ್ತದೆ. ಪಳೆಯುಳಿಕೆ ಪರಾಗ ನೋಡಿ ಪಳಗಿದವರು ಬೇಕೆಂದರೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಧ್ರುವ ಪ್ರದೇಶದ ಕೆಸರಿನ ಬಗ್ಗೆ ಕೇಳಬೇಕೆಂದರೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ.

## ಹಂತ 1: ಯಾವ ಕೆಸರು ತೆಗೆದುಕೊಳ್ಳಬೇಕು

ಮೊದಲು ಕೋರಿನ, ಅಂದರೆ ಕೊರೆದು ಮೇಲೆತ್ತಿದ ಉದ್ದನೆಯ ಕೆಸರಿನ ತುಂಡಿನ, ವಿವರಣೆ ಓದಿ. ಫೋಟೋ ನೋಡಿ. ಆಮೇಲೆ ಚಮಚ ಹಿಡಿಯಿರಿ.

ಬೂದು ಅಥವಾ ಹಸಿರು ಮಿಶ್ರಿತ ಕಪ್ಪು ಬಣ್ಣದ, ನಯವಾದ ಜೇಡಿ ಇರುವ ಜಾಗ ಹುಡುಕಿ. ಕೆಂಪು, ಕಂದು ಬಣ್ಣದ ಕೆಸರು ಆಮ್ಲಜನಕಕ್ಕೆ ತೆರೆದುಕೊಂಡು ಕೂತಿದ್ದದ್ದು. ಪರಾಗದ ಹೊರಕವಚ ಆಸಿಡ್‌ಗೆ ಜಗ್ಗುವುದಿಲ್ಲ, ಆದರೆ ಆಮ್ಲಜನಕಕ್ಕೆ ಸೋಲುತ್ತದೆ. ಅಂಥ ಕೆಸರಿನಲ್ಲಿ ಎಷ್ಟು ಹುಡುಕಿದರೂ ಕೈ ಖಾಲಿ. ಮರಳು ಜಾಸ್ತಿ ಇರುವ ಪದರವೂ ಬೇಡ. ಪರಾಗ ನೀರಿನಲ್ಲಿ ಸಣ್ಣ ಹೂಳಿನ ಜೊತೆ ಕೂರುತ್ತದೆ, ಮರಳಿನ ಜೊತೆ ಅಲ್ಲ.

ಕೋರಿನಲ್ಲಿ ಕೆಸರು ಮಡಚಿ ತಿರುಚಿದಂತೆ ಕಂಡರೆ ಅದು ಇಳಿಜಾರಿನಿಂದ ಜಾರಿ ಬಂದದ್ದು. ಕೆಳಗಿನ ಕಾಲ ಮೇಲಿನ ಕಾಲದೊಳಗೆ ಸಿಕ್ಕಿಕೊಂಡಿರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ತೆಗೆದುಕೊಳ್ಳಿ, ಆದರೆ ಚೀಟಿಯಲ್ಲಿ ಅದನ್ನು ಬರೆದಿಡಿ.

ಕೊರೆಯುವಾಗ ಕೋರಿನ ಅಂಚಿಗೆ ಮೇಲಿನ ಕೆಸರು ಮೆತ್ತಿಕೊಳ್ಳುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು, ಮೇಲ್ಮೈ ಕೆರೆದು, ಒಳಗಿನದನ್ನು ತೆಗೆಯಿರಿ. ಪ್ರತಿ ಮಾದರಿಗೂ ಚಾಕು ಒರೆಸಿ. ಬೆಚ್ಚಗಿನ ಇಯೊಸೀನ್ ಕಾಲದ (ಸುಮಾರು 5.6ರಿಂದ 3.4 ಕೋಟಿ ವರ್ಷ ಹಿಂದಿನ) ಪದರಕ್ಕೆ 10ರಿಂದ 15 ಗ್ರಾಂ ಸಾಕು. ಹಿಮ ಬಂದ ನಂತರದ ಪದರಕ್ಕೆ 20ರಿಂದ 30 ಗ್ರಾಂ ಕೇಳಿ, ಯಾಕೆಂದರೆ ಅಲ್ಲಿ ಪರಾಗ ತೀರಾ ಕಡಿಮೆ.

ಯಾರೂ ಮಾಡದ, ಆದರೆ ಮಾಡಲೇಬೇಕಾದ ಒಂದು ಕೆಲಸ: ಕೆಸರಿನಲ್ಲಿ ಹಿಮಗಡ್ಡೆ ಉದುರಿಸಿ ಹೋದ ಕಲ್ಲಿನ ಚೂರು ಸಿಕ್ಕರೆ ಎಸೆಯಬೇಡಿ. ಮೆತ್ತಗಿನ ಜೇಡಿಕಲ್ಲಾಗಿದ್ದರೆ ಅದನ್ನು ತೊಳೆದು, ಬೇರೆ ಮಾದರಿಯಾಗಿ ಇದೇ ಹಂತಗಳಲ್ಲಿ ಹಾಯಿಸಿ. ಹಿಮನದಿ ಯಾವ ಕಾಲದ ಬಂಡೆ ಕೆರೆಯುತ್ತಿತ್ತು, ಅದರೊಳಗೆ ಯಾವ ಪರಾಗ ಇತ್ತು ಎಂಬುದು ಆ ಕಲ್ಲಿನಿಂದಲೇ ಗೊತ್ತಾಗುತ್ತದೆ. ಕಳ್ಳನ ಮನೆ ವಿಳಾಸ ಮೊದಲೇ ಸಿಕ್ಕಂತೆ.

ಈ ಹಂತದಲ್ಲೇ ಪದರದ ವಯಸ್ಸು ಎಲ್ಲಿಂದ ಬಂತು ಅಂತ ನೋಡಿಕೊಳ್ಳಿ. ಕೆಸರಿನಲ್ಲಿ ಉಳಿದ ಕಾಂತೀಯ ದಿಕ್ಕಿನ ದಾಖಲೆ, ಡಯಾಟಂ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ), ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮ ಕಡಲಜೀವಿಗಳ ಚೀಲಗಳು, ಇವೆಲ್ಲ ಒಪ್ಪಬೇಕು. ಪರಾಗದಿಂದಲೇ ವಯಸ್ಸು ಹೇಳಿ, ಅದೇ ವಯಸ್ಸಿಗೆ ಅದೇ ಪರಾಗದಿಂದ ಕಾಡು ಕಟ್ಟಬೇಡಿ. ಯು1356ರಲ್ಲಿ ಮಧ್ಯ ಇಯೊಸೀನ್ ಪದರದ ಮೇಲೆ ನೇರವಾಗಿ ಸುಮಾರು 3.4 ಕೋಟಿ ವರ್ಷ ಹಿಂದಿನ ಒಲಿಗೊಸೀನ್ (ಇಯೊಸೀನ್ ಮುಗಿದ ಮೇಲಿನ, ಹಿಮ ಕವಿದ ಕಾಲ) ಪದರ ಕೂತಿದೆ. ನಡುವಿನ ಒಂದು ಕೋಟಿಗೂ ಹೆಚ್ಚು ವರ್ಷ ಕಾಣೆ. ಕೊರೆದದ್ದರಲ್ಲಿ ಮೇಲಕ್ಕೆ ಬಂದದ್ದೂ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಇದನ್ನು ಗಮನಿಸದವರು ಆ ಗೆರೆಯಲ್ಲಿ ‘ಕಾಡು ದಿಢೀರನೆ ಬದಲಾಯಿತು’ ಅಂತ ಬರೆದುಬಿಡುತ್ತಾರೆ.

## ಹಂತ 2: ತೂಕ ಮತ್ತು ಮಾತ್ರೆ

ಮಾದರಿಯನ್ನು 50 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಒಣಗಿಸಿ, ತೂಗಿ. ಜಾಸ್ತಿ ಬಿಸಿ ಮಾಡಿದರೆ ಜೇಡಿ ಹೆಂಚಾಗುತ್ತದೆ. ಮೃದುವಾಗಿ ಒಡೆದು ಕಡಲೆ ಕಾಳಿನ ಗಾತ್ರ ಮಾಡಿ. ಕುಟ್ಟಾಣಿಯಲ್ಲಿ ಪುಡಿ ಮಾಡಬೇಡಿ. ಪರಾಗವೂ ಪುಡಿಯಾಗುತ್ತದೆ.

ಈಗ ಲೈಕೋಪೋಡಿಯಂ ಮಾತ್ರೆ ಹಾಕಿ. ಒಂದು ಮಾತ್ರೆಯಲ್ಲಿ ಎಷ್ಟು ಸ್ಪೋರ್ ಇದೆ ಎಂದು ತಯಾರಕರು ಎಣಿಸಿ ಬ್ಯಾಚ್ ಸಂಖ್ಯೆಯ ಜೊತೆ ಕೊಟ್ಟಿರುತ್ತಾರೆ. ಬ್ಯಾಚಿನಿಂದ ಬ್ಯಾಚಿಗೆ ಇದು ಬೇರೆ, ಬರೆದಿಟ್ಟುಕೊಳ್ಳಿ. ಮಾತ್ರೆ ಯಾಕೆ ಈಗಲೇ ಹಾಕಬೇಕು? ಮುಂದೆ ತೊಳೆಯುವಾಗ, ಸೋಸುವಾಗ ನಿಮ್ಮ ಪರಾಗ ಎಷ್ಟು ಕಳೆದುಹೋಗುತ್ತದೋ ಮಾತ್ರೆಯ ಸ್ಪೋರ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಳೆದುಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಆ ಲೆಕ್ಕವೇ ಇಲ್ಲ.

ಇದರ ಜೊತೆ ಒಂದು ಖಾಲಿ ಬೀಕರ್ ಇಡಿ. ಕೆಸರಿಲ್ಲ, ಬರೀ ಮಾತ್ರೆ. ಉಳಿದವುಗಳ ಜೊತೆ ಅದಕ್ಕೂ ಎಲ್ಲ ಹಂತ. ನಿಮ್ಮ ಲ್ಯಾಬಿನ ಗಾಳಿಯಲ್ಲಿ ಏನಿದೆ ಅಂತ ಹೇಳುವುದು ಇದೊಂದೇ. ಬೆಂಗಳೂರು, ಮಂಗಳೂರು ಅಂದಮೇಲೆ ಗಾಳಿಯಲ್ಲಿ ತೆಂಗಿನ ಪರಾಗ, ಸರ್ವೆ ಮರದ ಪರಾಗ, ಹುಲ್ಲಿನ ಪರಾಗ ಇದ್ದೇ ಇರುತ್ತದೆ. ತೆಂಗಿನದು ಒಂದೇ ಸೀಳಿನ, ದೋಣಿಯಾಕಾರದ ಪರಾಗ. ಇಯೊಸೀನ್ ಅಂಟಾರ್ಕ್ಟಿಕಾದಲ್ಲಿ ಹುಡುಕುವ ತಾಳೆ ಜಾತಿಯದೂ ಸರಿಸುಮಾರು ಹಾಗೆಯೇ. ಮುಂದಿನದನ್ನು ಊಹಿಸಿಕೊಳ್ಳಿ.

## ಹಂತ 3: ಮೊದಲು ಹೈಡ್ರೋಕ್ಲೋರಿಕ್ ಆಸಿಡ್

10% ಹೈಡ್ರೋಕ್ಲೋರಿಕ್ ಆಸಿಡ್ ಹನಿಹನಿಯಾಗಿ ಹಾಕಿ. ನೊರೆ ಉಕ್ಕುತ್ತದೆ. ಸುಣ್ಣದ ಅಂಶ ಕರಗುತ್ತಿದೆ, ಮಾತ್ರೆಯೂ ಕರಗುತ್ತಿದೆ ಎಂದರ್ಥ. ನೊರೆ ಪೂರ್ತಿ ನಿಂತ ಮೇಲೆ ಇನ್ನೊಂದಿಷ್ಟು ಹಾಕಿ ನೋಡಿ. ಮತ್ತೆ ಉಕ್ಕಿದರೆ ಮುಗಿದಿಲ್ಲ. ಮುಗಿದ ಮೇಲೆ ನೀರಿನಿಂದ ಎರಡು ಸಲ ತೊಳೆದು ಸೆಂಟ್ರಿಫ್ಯೂಜ್ ಮಾಡಿ.

ನಾನು ಕಲಿಯುವಾಗ ಒಂದು ಸಲ ಅವಸರ ಮಾಡಿ ನೊರೆ ನಿಲ್ಲುವ ಮೊದಲೇ ಮುಂದಿನ ಆಸಿಡ್‌ಗೆ ಹೋಗಿದ್ದೆ. ಎಂಟು ಮಾದರಿಯ ತಳದಲ್ಲೂ ಸುಣ್ಣದ ಗಾರೆಯಂಥ ಬಿಳಿ ಪದರ ಕೂತಿತು. ಅದು ಕ್ಯಾಲ್ಸಿಯಂ ಫ್ಲೋರೈಡ್. ಕರಗಿಸಲು ಬಹಳ ಕಷ್ಟ, ಪರಾಗವನ್ನೆಲ್ಲ ಒಳಗೆ ಹುದುಗಿಸಿಕೊಂಡಿರುತ್ತದೆ. ಎಂಟನ್ನೂ ಚೆಲ್ಲಿದೆ. ನಿಮ್ಮ ಟ್ಯೂಬಿನ ತಳದಲ್ಲಿ ಹಾಗೆ ಬಿಳಿ ಕಂಡರೆ ಕಾರಣ ಇಲ್ಲೇ ಇದೆ, ಬೇರೆಲ್ಲೂ ಹುಡುಕಬೇಡಿ.

## ಹಂತ 4: ಹೈಡ್ರೋಫ್ಲೋರಿಕ್ ಆಸಿಡ್, ಅಥವಾ ಅದರ ಬದಲಿ

ಜೇಡಿ, ಸ್ಫಟಿಕದ ಪುಡಿ, ಡಯಾಟಂ ಚಿಪ್ಪು ಎಲ್ಲವನ್ನೂ ಕರಗಿಸುವುದು ಇದು. 38ರಿಂದ 40% ಆಸಿಡ್, ಪ್ಲಾಸ್ಟಿಕ್ ಬೀಕರಿನಲ್ಲಿ, ಒಂದೆರಡು ದಿನ, ದಿನಕ್ಕೆರಡು ಸಲ ಪ್ಲಾಸ್ಟಿಕ್ ಕಡ್ಡಿಯಿಂದ ಕಲಕಿ. ಗಾಜಿನ ಸಾಮಾನು ಹತ್ತಿರವೂ ಬರಬಾರದು, ಗಾಜನ್ನೂ ತಿನ್ನುತ್ತದೆ.

ಇದು ಸಾಮಾನ್ಯ ಆಸಿಡ್ ಅಲ್ಲ. ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ಗಂಟೆಗಟ್ಟಲೆ ಉರಿಯೂ ಗೊತ್ತಾಗುವುದಿಲ್ಲ. ಒಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಹಿಡಿದುಕೊಂಡು ಹೃದಯಕ್ಕೇ ಹೊಡೆತ ಕೊಡಬಹುದು. ದಪ್ಪ ಕೈಗವಸು, ಮುಖಕ್ಕೆ ಅಡ್ಡ, ಏಪ್ರನ್, ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಒಬ್ಬರೇ ಇರುವಾಗ, ರಾತ್ರಿ ಹೊತ್ತು, ಈ ಕೆಲಸ ಮಾಡಬೇಡಿ. ಬಿದ್ದರೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ಯಾವ ಆಸಿಡ್ ಎಂದು ಹೇಳಿ ಆಸ್ಪತ್ರೆಗೆ ಹೋಗಿ. ‘ಸ್ವಲ್ಪ ತಾನೇ’ ಅಂತ ಸುಮ್ನೆ ಕೂರಬೇಡಿ.

ನಿಮ್ಮಲ್ಲಿ ಈ ವ್ಯವಸ್ಥೆ ಇಲ್ಲವಾ? ಹಾಗಾದರೆ ಆಸಿಡ್ ಮರೆತುಬಿಡಿ. ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರದ ದ್ರವ ಬಳಸಿ. ಪರಾಗದ ಸಾಂದ್ರತೆ ಸುಮಾರು 1.5, ಸ್ಫಟಿಕದ್ದು 2.65. ನಡುವಿನ ಸಾಂದ್ರತೆಯ ದ್ರವದಲ್ಲಿ ಪರಾಗ ತೇಲುತ್ತದೆ, ಕಲ್ಲು ಮುಳುಗುತ್ತದೆ. ಇಲ್ಲೊಂದು ಗುಂಡಿ ಇದೆ. ದಕ್ಷಿಣ ಸಾಗರದ ಕೆಸರಿನಲ್ಲಿ ಡಯಾಟಂ ರಾಶಿ ರಾಶಿ. ಅದರ ಚಿಪ್ಪಿನ ಸಾಂದ್ರತೆ 2ರ ಆಸುಪಾಸು. ದ್ರವವನ್ನು 2.0ಕ್ಕೆ ಇಟ್ಟರೆ ಪರಾಗದ ಜೊತೆ ಡಯಾಟಂ ಕೂಡ ತೇಲಿ ಬಂದು ಸ್ಲೈಡ್ ತುಂಬಿಕೊಳ್ಳುತ್ತದೆ. 1.9ಕ್ಕೆ ಇಳಿಸಿ, ಎರಡು ಸಲ ಮಾಡಿ.

ಆಸಿಡ್ ದಾರಿಯಲ್ಲಿ ಹೋದವರು ಅದನ್ನು ನಿಯಮದಂತೆ ತಟಸ್ಥಗೊಳಿಸಿ ವಿಲೇವಾರಿ ಮಾಡಿ, ಆಮೇಲೆ ಮತ್ತೊಮ್ಮೆ ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಸಿಡ್ ಹಾಕಬೇಕು. ಬಿಟ್ಟರೆ ಲೋಳೆಯಂಥ ಫ್ಲೋರೋಸಿಲಿಕೇಟ್ ಉಳಿದು ಪರಾಗಕ್ಕೆ ಅಂಟಿಕೊಳ್ಳುತ್ತದೆ. ಮತ್ತೆ ತೊಳೆಯಿರಿ, ಪಿಎಚ್ 7 ಹತ್ತಿರ ಬರುವ ತನಕ.

## ಹಂತ 5: ಸೋಸುವುದು, ಸ್ಲೈಡ್ ಮಾಡುವುದು

10 ಮೈಕ್ರಾನ್ ಜರಡಿಯಲ್ಲಿ ಸೋಸಿ. ಬೇಗ ಮುಗಿಯುತ್ತದೆ ಅಂತ 20 ಮೈಕ್ರಾನ್ ಬಳಸುವವರಿದ್ದಾರೆ. ಕುನೋನಿಯೇಸಿಯಂಥ ಕುಟುಂಬಗಳ ಪರಾಗ ಹತ್ತು ಹದಿನೈದು ಮೈಕ್ರಾನ್ ಅಷ್ಟೇ. ಅವು ಸಿಂಕಿಗೆ ಹೋಗುತ್ತವೆ, ಆಮೇಲೆ ‘ಈ ಕುಟುಂಬ ಅಲ್ಲಿ ಇರಲಿಲ್ಲ’ ಎಂಬ ಸಾಲು ಪ್ರಬಂಧಕ್ಕೆ ಬರುತ್ತದೆ. ಸೋಸಲು ಸಹಾಯಕ್ಕೆ ಅಲ್ಟ್ರಾಸೋನಿಕ್ ಬಳಸಿದರೆ ಕೆಲವೇ ಸೆಕೆಂಡ್. ರೆಕ್ಕೆ ಇರುವ ಪರಾಗದ ರೆಕ್ಕೆ ಮುರಿಯುತ್ತದೆ.

ಅಸಿಟೋಲಿಸಿಸ್ (ಬಿಸಿ ಆಸಿಡ್ ಮಿಶ್ರಣದಲ್ಲಿ ಪರಾಗ ಶುಚಿ ಮಾಡುವುದು) ಮಾಡಬೇಡಿ, ನೈಟ್ರಿಕ್ ಆಸಿಡ್ ಹಾಕಬೇಡಿ. ಕೆರೆ ಹೂಳಿನ ಕೈಪಿಡಿ ಇಟ್ಟುಕೊಂಡವರು ಇದನ್ನು ಅಭ್ಯಾಸಬಲದಿಂದ ಮಾಡಿಬಿಡುತ್ತಾರೆ. ಇವು ಪರಾಗದ ಬಣ್ಣ, ಹೊಳಪು ಎರಡನ್ನೂ ಬದಲಿಸುತ್ತವೆ. ಮುಂದಿನ ಹಂತದಲ್ಲಿ ನಮಗೆ ಬೇಕಿರುವುದೇ ಆ ಬಣ್ಣ ಮತ್ತು ಹೊಳಪು. ಜೊತೆಗೆ ಕೆಲವು ಸೂಕ್ಷ್ಮ ಡೈನೊಫ್ಲಾಜೆಲೇಟ್ ಚೀಲಗಳು ನಾಶವಾಗುತ್ತವೆ.

ಉಳಿದದ್ದನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ. ಸಿಲಿಕೋನ್ ಎಣ್ಣೆಯಲ್ಲಿ ಪರಾಗವನ್ನು ಉರುಳಿಸಿ ಎಲ್ಲ ಬದಿ ನೋಡಬಹುದು, ನಿಜ. ಆದರೆ ನಾಳೆ ಅದು ಅದೇ ಜಾಗದಲ್ಲಿ ಇರುವುದಿಲ್ಲ. ಒಂದು ಸ್ಲೈಡಿಗೆ ಬಣ್ಣ ಹಾಕಿ, ಇನ್ನೊಂದಕ್ಕೆ ಹಾಕಬೇಡಿ.

## ಹಂತ 6: ಎಣಿಸುವ ಮೊದಲು ಬೇರ್ಪಡಿಸಿ

ಬಹಳ ಜನ ಹಾರಿ ಹೋಗುವುದು ಈ ಹಂತವನ್ನೇ. ಇಲ್ಲಿ ಎರಡು ದಿನ ಕಳೆಯಿರಿ. ಕೌಂಟರ್ ಪಕ್ಕಕ್ಕಿಡಿ. ಸ್ಲೈಡನ್ನು ಸುಮ್ನೆ ನೋಡಿ.

ಮೊದಲು ಸುಲಭದ್ದು. ಎರಡು ರೆಕ್ಕೆ, ನಡುವಿನ ದೇಹದ ಮೇಲೆ ಉದ್ದುದ್ದ ಪಟ್ಟೆ ಇರುವ ಪರಾಗ ಕಂಡರೆ ಅದು ಪರ್ಮಿಯನ್ ಕಾಲದ್ದು ಎಂದೇ ಶಂಕಿಸಿ, 25ರಿಂದ 30 ಕೋಟಿ ವರ್ಷ ಹಳೆಯದು. ಗ್ಲಾಸಾಪ್ಟೆರಿಸ್ ಗಿಡಗಳ ಕಾಲದ್ದು. ರಾಣಿಗಂಜ್ ಕಲ್ಲಿದ್ದಲಿನ ಪರಾಗ ನೋಡಿದವರಿಗೆ ಇದು ಹಳೇ ಪರಿಚಯ, ಯಾಕೆಂದರೆ ಆಗ ಭಾರತ, ಅಂಟಾರ್ಕ್ಟಿಕಾ ಎರಡೂ ಗೊಂಡ್ವಾನ ಎಂಬ ಹಳೆಯ ಮಹಾಖಂಡದ ಒಂದೇ ನೆಲ. ಇಯೊಸೀನ್ ಕೆಸರಿನಲ್ಲಿ ಇದು ಸಿಕ್ಕರೆ ನಿಸ್ಸಂಶಯವಾಗಿ ಬಂಡೆಯಿಂದ ಕಿತ್ತು ಬಂದದ್ದು.

ಕಷ್ಟ ಬರುವುದು ನೋಥೋಫೇಗಸ್‌ನಲ್ಲಿ, ಅಂದರೆ ದಕ್ಷಿಣದ ಬೀಚ್ ಮರ. ಇದರ ಪರಾಗ ಮೇಲಿನಿಂದ ನೋಡಿದರೆ ಹಳೆಯ ತಾಮ್ರದ ನಾಣ್ಯದಂತೆ ದುಂಡಗೆ, ಅಂಚಿನಲ್ಲಿ ಐದರಿಂದ ಎಂಟು ಕಡೆ ಸಣ್ಣಗೆ ಕಚ್ಚಿದ ಹಾಗೆ. ಫೋಕಸ್ ಮೇಲೆ ಕೆಳಗೆ ಮಾಡಿದರೆ ಮೈಮೇಲೆಲ್ಲ ನವಿರಾದ ಮುಳ್ಳು ಮಿನುಗುತ್ತವೆ. ಒಮ್ಮೆ ಕಣ್ಣಿಗೆ ಕೂತರೆ ಮರೆಯಲ್ಲ. ಆದರೆ ಈ ಮರ ಅಂಟಾರ್ಕ್ಟಿಕಾದಲ್ಲಿ ಕ್ರಿಟೇಷಿಯಸ್ ಕೊನೆಯಿಂದ (ಡೈನೊಸಾರ್‌ಗಳ ಕೊನೆಯ ಕಾಲ) ಹಿಡಿದು ಹಿಮ ಕವಿದ ಮೇಲೂ ಬಹುಕಾಲ ಇತ್ತು. ಒಲಿಗೊಸೀನ್ ಪದರದಲ್ಲಿ ಸಿಕ್ಕ ನೋಥೋಫೇಗಸ್ ಆಗಿನದೋ, ಹಿಮನದಿ ಇಯೊಸೀನ್ ಪದರದಿಂದ ಕೆರೆದು ತಂದದ್ದೋ? ಆಕಾರ ನೋಡಿ ಹೇಳಲು ಆಗದು.

ಹೇಳಲು ನಾಲ್ಕು ದಾರಿ ಇವೆ. ಯಾವುದೂ ಒಂಟಿಯಾಗಿ ಸಾಲದು.

ಬಣ್ಣ: ನೆಲದಾಳದಲ್ಲಿ ಬೆಂದ ಪರಾಗ ಹಳದಿಯಿಂದ ಕಿತ್ತಳೆ, ಕಂದು, ಕೊನೆಗೆ ಕಪ್ಪಾಗುತ್ತದೆ. ತಿಳಿ ಹಳದಿಯ ಗುಂಪಿನ ನಡುವೆ ಬೆಲ್ಲದ ಬಣ್ಣದ್ದು ಕಂಡರೆ ಅದು ಬೇರೆ ಕಡೆಯದು.

ಹೊಳಪು: ಬಣ್ಣ ಹಾಕದ ಸ್ಲೈಡಿನ ಮೇಲೆ ಫ್ಲೋರೆಸೆನ್ಸ್ ದೀಪ ಹಾಕಿ. ಆ ಕಾಲದ್ದು ಸಾಮಾನ್ಯವಾಗಿ ಹಳದಿಯಾಗಿ ಹೊಳೆಯುತ್ತದೆ, ಹಳೆಯದು ಮಂಕು ಕಿತ್ತಳೆ, ಕೆಲವು ಹೊಳೆಯುವುದೇ ಇಲ್ಲ. ಬರಿಗಣ್ಣಿಗೆ ಅವಳಿ ಮಕ್ಕಳಂತೆ ಇದ್ದ ಎರಡು ನೋಥೋಫೇಗಸ್ ಈ ಬೆಳಕಿನಲ್ಲಿ ಬೇರೆ ಬೇರೆ ಆಗುವುದನ್ನು ನೋಡಿದರೆ ಸಾಕು, ದೀಪಕ್ಕೆ ಕೊಟ್ಟ ದುಡ್ಡು ವಸೂಲಾಯಿತು ಅನಿಸುತ್ತದೆ. ಬೇಗ ಫೋಟೋ ತೆಗೆಯಿರಿ, ದೀಪದಡಿ ಇಟ್ಟಷ್ಟೂ ಹೊಳಪು ಕುಂದುತ್ತದೆ. ಕಣ್ಣು ಕುಕ್ಕುವಂತೆ ಹೊಳೆದು, ಒಳಗೆ ಜೀವಕೋಶದ ಹಸಿ ತಿರುಳು ಇನ್ನೂ ಕಾಣುತ್ತಿದ್ದರೆ ಅದು ಪಳೆಯುಳಿಕೆಯೇ ಅಲ್ಲ, ಮೊನ್ನೆ ಕಿಟಕಿಯಿಂದ ಬಂದದ್ದು.

ಗುಂಪು: ಐದಾರು ಒಂದೇ ಜಾತಿಯ ಪರಾಗ ಅಂಟಿಕೊಂಡೇ ಸಿಕ್ಕರೆ ಖುಷಿಪಡಿ. ಹೂವಿನಿಂದ ಉದುರಿದ ಮುದ್ದೆ ಅದು. ಬಂಡೆಯಿಂದ ಕಿತ್ತು, ಹಿಮದಡಿ ಅರೆದು, ಕಡಲಿಗೆ ಬಿದ್ದಿದ್ದರೆ ಮುದ್ದೆ ಉಳಿಯುವುದು ಕಷ್ಟ.

ಜೊತೆಗಾರರು: ಅದೇ ಸ್ಲೈಡಿನ ಡೈನೊಫ್ಲಾಜೆಲೇಟ್ ಚೀಲಗಳನ್ನು ನೋಡಿ. ಅವುಗಳ ಕಾಲ ಚೆನ್ನಾಗಿ ಗೊತ್ತು. ಒಲಿಗೊಸೀನ್ ಪದರದಲ್ಲಿ ಅರ್ಧಕ್ಕರ್ಧ ಚೀಲಗಳು ಇಯೊಸೀನ್‌ನವು ಎಂದಾದರೆ ಪರಾಗದಲ್ಲೂ ಅಂಥದೇ ಕಲಬೆರಕೆ ಇದೆ ಎಂದುಕೊಂಡೇ ಮುಂದುವರಿಯಿರಿ. ಹಂತ 1ರಲ್ಲಿ ಎತ್ತಿಟ್ಟ ಕಲ್ಲಿನ ಚೂರಿನ ಪಟ್ಟಿಯನ್ನೂ ಈಗ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಮೂರು ಕಂಬದ (ಕಾಲಂ) ಹಾಳೆ ಮಾಡಿ: ಆ ಕಾಲದ್ದು, ಹಳೆಯದು, ಹೇಳಲಾಗದ್ದು. ಮೂರನೇ ಕಂಬಕ್ಕೆ ನಾಚಬೇಡಿ. ಅದು ಖಾಲಿ ಇದ್ದರೆ ನೀವು ಸುಳ್ಳು ಹೇಳುತ್ತಿದ್ದೀರಿ ಎಂದೇ ನನಗೆ ಅನುಮಾನ.

## ಹಂತ 7: ಎಣಿಕೆ

ಈಗ ಕೌಂಟರ್ ತೆಗೆಯಿರಿ. 40 ಪಟ್ಟಿನ ಲೆನ್ಸಿನಲ್ಲಿ ಸಾಲು ಸಾಲಾಗಿ, ಸ್ಲೈಡಿನ ಅಂಚಿನಿಂದ ಅಂಚಿಗೆ. ನಡುಭಾಗ ಮಾತ್ರ ಎಣಿಸಬೇಡಿ, ಕವರ್ ಸ್ಲಿಪ್ ಒತ್ತುವಾಗ ಸಣ್ಣ ಪರಾಗ ಅಂಚಿಗೆ ಸರಿದಿರುತ್ತದೆ. ಅನುಮಾನ ಬಂದದ್ದಕ್ಕೆ ಎಣ್ಣೆ ಹಾಕಿ 100 ಪಟ್ಟು.

ಎಷ್ಟು ಎಣಿಸಬೇಕು? ಆ ಕಾಲದ ಕಂಬದಲ್ಲಿ 200ರಿಂದ 300 ಬಂದರೆ ಒಳ್ಳೆಯದು. ಹಿಮಯುಗದ ಪದರಗಳಲ್ಲಿ ನಾಲ್ಕು ಸ್ಲೈಡ್ ಮುಗಿಸಿದರೂ 60 ದಾಟದಿರಬಹುದು. ಆಗ 60 ಎಂದೇ ಬರೆಯಿರಿ. ನೂರರಲ್ಲಿ 5 ಸಿಕ್ಕರೆ ನಿಜವಾದ ಪಾಲು ಸುಮಾರು 2ರಿಂದ 11% ನಡುವೆ ಎಲ್ಲಾದರೂ ಇರಬಹುದು. ಮುನ್ನೂರರಲ್ಲಿ 15 ಸಿಕ್ಕರೆ ಅದು 3ರಿಂದ 8%ಕ್ಕೆ ಇಳಿಯುತ್ತದೆ. 5% ಇದ್ದದ್ದು ಮುಂದಿನ ಪದರದಲ್ಲಿ 9% ಆಯಿತು ಅಂತ ಕಥೆ ಕಟ್ಟುವ ಮೊದಲು ಈ ಅಂತರ ನೋಡಿ.

ಇನ್ನೊಂದು ಬಲೆ: ಮಾತ್ರೆಯ ಲೈಕೋಪೋಡಿಯಂ. ಹಳೆಯ ಅಂಟಾರ್ಕ್ಟಿಕಾದಲ್ಲೂ ಇದೇ ಕುಟುಂಬದ ಗಿಡಗಳಿದ್ದವು, ಬಲೆಯಂಥ ಗೆರೆ ಇರುವ ಅವುಗಳ ಸ್ಪೋರ್ ಕೆಸರಿನಲ್ಲೂ ಸಿಗುತ್ತದೆ. ಮಾತ್ರೆಯದನ್ನು ಮೊದಲೇ ಸಂಸ್ಕರಿಸಿರುವುದರಿಂದ ಬಣ್ಣ ಒಂದೇ ಸಮ. ಖಾಲಿ ಬೀಕರಿನ ಸ್ಲೈಡ್ ನೋಡಿ ಆ ಬಣ್ಣ ಕಣ್ಣಿಗೆ ಹಿಡಿಸಿಕೊಳ್ಳಿ, ಆಮೇಲೆ ಎಣಿಕೆಗೆ ಕೂರಿ.

## ಹಂತ 8: ಲೆಕ್ಕ

ಎರಡು ಲೆಕ್ಕ ಬೇಕು, ಶೇಕಡಾ ಮತ್ತು ಗ್ರಾಂಗೆ ಎಷ್ಟು ಎಂಬುದು. ಒಂದನ್ನೇ ಮಾಡಿದರೆ ಮೋಸ ಹೋಗುತ್ತೀರಿ.

ಗ್ರಾಂ ಲೆಕ್ಕ ಹೀಗೆ: ಎಣಿಸಿದ ಪರಾಗವನ್ನು ಹಾಕಿದ ಒಟ್ಟು ಲೈಕೋಪೋಡಿಯಂನಿಂದ ಗುಣಿಸಿ. ಎಣಿಸಿದ ಲೈಕೋಪೋಡಿಯಂ ಮತ್ತು ಒಣ ತೂಕದ ಗುಣಲಬ್ಧದಿಂದ ಭಾಗಿಸಿ. ನಿಮ್ಮ ಎರಡು ಮಾತ್ರೆಯಲ್ಲಿ ಒಟ್ಟು 20,000 ಸ್ಪೋರ್ ಇತ್ತು, ಒಣ ತೂಕ 10 ಗ್ರಾಂ, ಎಣಿಸಿದ್ದು 150 ಪರಾಗ ಮತ್ತು 300 ಲೈಕೋಪೋಡಿಯಂ ಎಂದುಕೊಳ್ಳಿ. ಗ್ರಾಂಗೆ 1,000 ಪರಾಗ ಬಂತು.

ಶೇಕಡಾ ಲೆಕ್ಕಕ್ಕೆ ‘ಆ ಕಾಲದ್ದು’ ಕಂಬ ಮಾತ್ರ. ಜರೀಗಿಡ, ಹಾವಸೆಯ ಸ್ಪೋರ್‌ಗಳ ಮೊತ್ತ ಬೇರೆ ಇಡಿ. ಹಳೆಯದರ ಪಾಲನ್ನು ಪಕ್ಕದಲ್ಲಿ ಒಂದು ಪ್ರತ್ಯೇಕ ಗೆರೆಯಾಗಿ ತೋರಿಸಿ. ಆ ಗೆರೆ ಏರಿದ ಕಡೆಯೆಲ್ಲ ಹಿಮನದಿ ಚುರುಕಾಗಿತ್ತು ಎಂಬ ಸುಳಿವು ಉಚಿತವಾಗಿ ಸಿಗುತ್ತದೆ.

ಎರಡೂ ಲೆಕ್ಕ ಯಾಕೆ ಅಂದರೆ, ಗ್ರಾಂಗೆ 20 ಪರಾಗ ಇರುವ ಪದರದಲ್ಲೂ ನೋಥೋಫೇಗಸ್ 60% ಎಂದು ಬರಬಹುದು. ಚಿತ್ರದಲ್ಲಿ ದಟ್ಟ ಬೀಚ್ ಕಾಡಿನಂತೆ ಕಾಣುತ್ತದೆ. ನಿಜದಲ್ಲಿ ಅದು ಅಲ್ಲೊಂದು ಇಲ್ಲೊಂದು ಕುರುಚಲು ಪೊದೆ ಇದ್ದ ಬಯಲಿರಬಹುದು, ಅಥವಾ ಏನೂ ಇಲ್ಲದ ಹಿಮಕ್ಕೆ ಹೊರಗಿನಿಂದ ಹಾರಿ ಬಂದ ಧೂಳಿರಬಹುದು.

## ಹಂತ 9: ಪರಾಗದಿಂದ ಕಾಡಿಗೆ

ಇಂದಿನ ಅಂಟಾರ್ಕ್ಟಿಕಾದಲ್ಲಿ ಹೂ ಬಿಡುವ ಸ್ಥಳೀಯ ಗಿಡ ಎರಡೇ ಜಾತಿ: ಒಂದು ಹುಲ್ಲು, ಒಂದು ಮುತ್ತಿನಂಥ ಮೊಗ್ಗಿನ ಪುಟ್ಟ ಗಿಡ. ಮರ ಒಂದೂ ಇಲ್ಲ. ಆದರೂ ದಕ್ಷಿಣ ಅಮೆರಿಕದಿಂದ ಹಾರಿ ಬಂದ ನೋಥೋಫೇಗಸ್ ಪರಾಗ ಅಲ್ಲಿ ಸಿಗುತ್ತದೆ. ಹಾಗಾಗಿ ನಿಮ್ಮ ಜಾಗದ ಸುತ್ತಲಿನ ಕಡಲತಳದ ಮೇಲ್ಪದರದ ಒಂದು ಮಾದರಿಯನ್ನೂ ಎಣಿಸಿ. ಮರವಿಲ್ಲದ ನೆಲವೂ ಎಷ್ಟು ಪರಾಗ ತೋರಿಸುತ್ತದೆ ಎಂಬ ಅಳತೆ ಅದು. ಅದನ್ನು ದಾಟದ ಯಾವ ಸಂಖ್ಯೆಗೂ ಕಾಡು ಅನ್ನಬೇಡಿ.

ಎಲ್ಲ ಗಿಡವೂ ಸಮಾನವಾಗಿ ಪರಾಗ ಚೆಲ್ಲುವುದಿಲ್ಲ. ಪೋಡೋಕಾರ್ಪ್ ಮರಗಳ ಎರಡು ರೆಕ್ಕೆಯ ಪರಾಗ ಗಾಳಿಯಲ್ಲೂ ತೇಲುತ್ತದೆ, ನೀರಿನಲ್ಲೂ ತೇಲುತ್ತದೆ. ದಡದಿಂದ ದೂರ ಹೋದಷ್ಟೂ ಕೆಸರಿನಲ್ಲಿ ಅದರ ಪಾಲು ಜಾಸ್ತಿಯಾಗುತ್ತದೆ. ಆ ಪಾಲು ಏರಿದರೆ ಕಾಡು ಬದಲಾಗಿರಲೇಬೇಕೆಂದಿಲ್ಲ, ಸಮುದ್ರ ಮಟ್ಟ ಏರಿ ದಡ ದೂರ ಸರಿದಿರಬಹುದು ಅಷ್ಟೇ. ಇದಕ್ಕೆ ವಿರುದ್ಧವಾಗಿ, ಹುಳ ಹಕ್ಕಿ ಬಾವಲಿಗಳನ್ನು ನಂಬಿದ ಗಿಡಗಳು ಬಹಳ ಕಡಿಮೆ ಚೆಲ್ಲುತ್ತವೆ.

ಯು1356ರ ಸುಮಾರು 5.2 ಕೋಟಿ ವರ್ಷ ಹಿಂದಿನ ಪದರದಲ್ಲಿ ತಾಳೆ ಜಾತಿಯ ಪರಾಗ ಸಿಕ್ಕಿತು, ಬೊಂಬಕಾಯ್ಡೆ ಬಳಗದ್ದೂ ಸಿಕ್ಕಿತು. ಈ ಬಳಗ ಅಂದರೆ ನಮ್ಮ ಬೂರುಗ, ಮತ್ತು ಸವಣೂರಿನಲ್ಲಿ ‘ದೊಡ್ಡ ಹುಣಸೆ ಮರ’ ಅಂತ ಕರೆಯುವ ಆ ಬಾವೊಬಾಬ್ ಮರಗಳು. ಇಂಥವು ಎಣಿಕೆಯಲ್ಲಿ ಒಂದೆರಡೇ ಬಂದರೂ ಬಿಡುವ ಹಾಗಿಲ್ಲ. ಖಾಲಿ ಬೀಕರಿನಲ್ಲಿ ಅದು ಇಲ್ಲ, ಹೊಳಪು ಆ ಕಾಲದ್ದೇ, ಒಂದಕ್ಕಿಂತ ಹೆಚ್ಚು ಪದರದಲ್ಲಿ ಸಿಕ್ಕಿದೆ, ಹೀಗೆ ಮೂರೂ ಒಪ್ಪಿದರೆ ಸೇರಿಸಿ.

ಅದೇ ಪದರದಲ್ಲಿ ನೋಥೋಫೇಗಸ್, ಅರಕೇರಿಯಾದಂಥ ತಂಪು ಬಯಸುವ ಮರಗಳೂ ಇದ್ದವು. ತಾಳೆಯೂ ತಂಪು ಮರವೂ ಒಟ್ಟಿಗೇ ಬೆಳೆದವು ಎಂದುಕೊಂಡು ಸರಾಸರಿ ತಾಪ ತೆಗೆದರೆ ಎಲ್ಲೂ ಇಲ್ಲದ ಕಾಡು ಹುಟ್ಟುತ್ತದೆ. ಕರಾವಳಿ ತಗ್ಗಿನಲ್ಲಿ ಬೆಚ್ಚಗಿನ ಮಳೆಕಾಡು, ಒಳನಾಡಿನ ಎತ್ತರದಲ್ಲಿ ತಂಪು ಕಾಡು, ಎರಡರ ಪರಾಗವನ್ನೂ ನದಿ ಒಂದೇ ಕಡಲಿಗೆ ತಂದಿತು ಎಂದು ಓದಬೇಕು. ಮಂಗಳೂರಿನ ಕಡಲ ಕೆಸರಿನಲ್ಲಿ ತೆಂಗೂ ಕುದುರೆಮುಖದ ಶೋಲಾ ಮರವೂ ಸೇರಿಕೊಳ್ಳುವಂತೆ. ಎರಡು ಗುಂಪಿಗೂ ಬೇರೆ ಬೇರೆ ತಾಪ ತೆಗೆಯಿರಿ.

ತಾಪ ತೆಗೆಯುವುದು ಇಂದಿನ ಹತ್ತಿರದ ಸಂಬಂಧಿಗಳ ಮೂಲಕ. ಪ್ರತಿ ಗಿಡದ ಸಂಬಂಧಿ ಇಂದು ಎಷ್ಟು ಚಳಿ, ಎಷ್ಟು ಮಳೆ ತಡೆಯುತ್ತದೆ ಎಂಬ ವ್ಯಾಪ್ತಿ ಬರೆದು, ಎಲ್ಲವೂ ಒಂದರ ಮೇಲೊಂದು ಬರುವ ಭಾಗ ಹಿಡಿಯಬೇಕು. ತಾಳೆ ಗಿಡಗಳು ಕಟುವಾದ ಹಿಮ ತಡೆಯವು, ಹಾಗಾಗಿ ವಿಲ್ಕ್ಸ್ ಲ್ಯಾಂಡಿನ ಆ ತಗ್ಗು ಕಾಡಿಗೆ ಚಳಿಗಾಲದಲ್ಲೂ 10 ಡಿಗ್ರಿಗಿಂತ ಮೇಲಿತ್ತು ಎಂಬ ಅಂದಾಜು ಬಂತು. ನೋಥೋಫೇಗಸ್‌ನಲ್ಲೂ ಒಳಗುಂಪು ನೋಡಿ. ಬ್ರಾಸಿ ಗುಂಪಿನವು ಇಂದು ನ್ಯೂಗಿನಿ, ನ್ಯೂ ಕ್ಯಾಲೆಡೋನಿಯಾದಲ್ಲಿ ಮಾತ್ರ ಇವೆ. ಫಸ್ಕಾ ಗುಂಪು ತಂಪು ನಾಡಿನದು. ಎರಡನ್ನೂ ಸೇರಿಸಿ ‘ನೋಥೋಫೇಗಸ್’ ಅಂತ ಒಂದೇ ಗೆರೆ ಎಳೆದರೆ ಇದ್ದ ಸುದ್ದಿಯನ್ನೂ ಅಳಿಸಿದ ಹಾಗೆ.

ತಿಂಗಳುಗಟ್ಟಲೆ ಸೂರ್ಯನಿಲ್ಲದ ಜಾಗದಲ್ಲಿ ತಾಳೆ ಬೆಳೆಯುವ ನಾಡು ಇಂದು ಎಲ್ಲೂ ಇಲ್ಲ. ಹೋಲಿಕೆ ಅಲ್ಲಿಗೆ ಕುಂಟುತ್ತದೆ. ಆದ್ದರಿಂದ ಮಣ್ಣಿನ ಬ್ಯಾಕ್ಟೀರಿಯಾದ ಕೊಬ್ಬು, ಎಲೆಯ ಮೇಣ, ಇಂಥ ಇನ್ನೊಂದು ಸ್ವತಂತ್ರ ಅಳತೆ ಅದೇ ಕೋರಿನಿಂದ ಬಂದಿದ್ದರೆ ಪಕ್ಕದಲ್ಲಿಟ್ಟು ನೋಡಿ. ಎರಡೂ ಜಗಳವಾಡಿದರೆ ಮತ್ತೆ ಹಂತ 6ಕ್ಕೆ ಹೋಗಿ. ಅದೃಷ್ಟವಿದ್ದರೆ ಪರಾಗದ ಜೊತೆ ಗಿಡದ ಭಾಗವೇ ಸಿಗಬಹುದು. 2017ರಲ್ಲಿ ಪೋಲಾರ್‌ಸ್ಟರ್ನ್ ಹಡಗಿನವರು ಅಮುಂಡ್ಸನ್ ಸಮುದ್ರದ ತಳ ಕೊರೆದಾಗ ಸುಮಾರು 9 ಕೋಟಿ ವರ್ಷ ಹಳೆಯ ಮಣ್ಣಿನಲ್ಲಿ ಬೇರುಗಳು ಬೆಳೆದ ಜಾಗದಲ್ಲೇ ಇದ್ದವು. ಬೇರು ಹಾರಿ ಬರುವುದಿಲ್ಲ, ಅಲ್ವಾ?

## ಈ ಲಕ್ಷಣ ಕಂಡರೆ ನಿಲ್ಲಿ

ಎಲ್ಲ ಪದರದಲ್ಲೂ ಒಂದೇ ಪಟ್ಟಿ, ಒಂದೇ ಪ್ರಮಾಣ ಬರುತ್ತಿದೆಯೇ? ನೀವು ಹಿಮನದಿ ಕೆರೆದ ಬಂಡೆಯನ್ನು ಎಣಿಸುತ್ತಿದ್ದೀರಿ.

ಪರಾಗ ಜಾಸ್ತಿ, ಸಮುದ್ರದ ಚೀಲಗಳು ಸೊನ್ನೆಯೇ? ಕಡಲ ಕೆಸರಿನಲ್ಲಿ ಅದು ಅಸಹಜ. ಮಾದರಿ ಬದಲಾಗಿದೆಯೋ, ಚೀಟಿ ತಪ್ಪಿದೆಯೋ ನೋಡಿ.

ಲೈಕೋಪೋಡಿಯಂ ಎಲ್ಲೂ ಕಾಣುತ್ತಿಲ್ಲವೇ? ತೊಳೆಯುವಾಗ ಎಲ್ಲವೂ ಹೋಗಿದೆ, ನಿಮ್ಮ ಪರಾಗವೂ. ಆ ಮಾದರಿ ‘ಖಾಲಿ’ ಅಲ್ಲ, ವಿಫಲ. ಮತ್ತೆ ಮಾಡಿ. ಮಾತ್ರೆಯ ಸ್ಪೋರ್ ಧಾರಾಳವಾಗಿ ಇದ್ದು ಪರಾಗ ಇಲ್ಲದಿದ್ದರೆ ಆಗ ಅದು ನಿಜವಾಗಿ ಖಾಲಿ, ಹಾಗೇ ಬರೆಯಬಹುದು.

ಒಂದೇ ಒಂದು ಪದರದಲ್ಲಿ ಸಂಖ್ಯೆ ಹತ್ತಾರು ಪಟ್ಟು ಏರಿತೇ? ಹೆದರಬೇಡಿ, ಬಿಸಾಡಲೂ ಬೇಡಿ. ಅಂಟಾರ್ಕ್ಟಿಕಾದ ಮ್ಯಾಕ್ಮರ್ಡೋ ಬಳಿ ಆಂಡ್ರಿಲ್ ಎಂಬ ಕೊರೆತ ಯೋಜನೆಯವರ 2ಎ ಕೋರಿನಲ್ಲಿ ಸುಮಾರು 1.57 ಕೋಟಿ ವರ್ಷ ಹಿಂದಿನ ಒಂದು ತೆಳು ಪದರದಲ್ಲಿ ಹೀಗೇ ಆಗಿತ್ತು, ಅದು ನಿಜವಾದ ಬೆಚ್ಚಗಿನ ಕಾಲ. ಆದರೆ ನಂಬುವ ಮೊದಲು ಅದೇ ಪದರದಿಂದ ಇನ್ನೊಂದು ಚಮಚ ತೆಗೆದು, ಬೇರೆ ದಿನ, ಮೊದಲಿನಿಂದ ಮಾಡಿ.

## ಹಂತ 10: ಎತ್ತಿಡುವುದು

ಮುಖ್ಯ ಪರಾಗ ಪ್ರತಿಯೊಂದಕ್ಕೂ ಸ್ಲೈಡ್ ಸಂಖ್ಯೆ ಮತ್ತು ಇಂಗ್ಲೆಂಡ್ ಫೈಂಡರ್ (ಸ್ಲೈಡಿನಲ್ಲಿ ಜಾಗ ಗುರುತಿಸುವ ಚೌಕಳಿ ಗಾಜು) ಗುರುತು ಬರೆಯಿರಿ. ನಿಮ್ಮ ಮೈಕ್ರೋಸ್ಕೋಪಿನ ಅಳತೆ ಪಟ್ಟಿ ಬೇರೆಯವರ ಮೈಕ್ರೋಸ್ಕೋಪಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಬೆಳಕಿನ ಫೋಟೋ ಒಂದು, ಫ್ಲೋರೆಸೆನ್ಸ್ ಫೋಟೋ ಒಂದು, ಎರಡನ್ನೂ ಅದೇ ಹೆಸರಿನಲ್ಲಿ ಇಡಿ. ಉಳಿದ ಕೆಸರಿನ ಸಾರವನ್ನು ಗ್ಲಿಸರಿನ್ ಬೆರೆಸಿದ ನೀರಿನಲ್ಲಿ, ಬೂಸ್ಟು ಬಾರದಂತೆ ಒಂದು ಹನಿ ಫೀನಾಲ್ ಹಾಕಿ, ಸಣ್ಣ ಸೀಸೆಯಲ್ಲಿ ಮುಚ್ಚಿಡಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಗ್ಲಿಸರಿನ್ ತಾಗಿದರೆ ಪೆನ್ನಿನ ಶಾಯಿ ಕದಡಿಹೋಗುತ್ತದೆ. ಖಾಲಿ ಬೀಕರಿನ ಸ್ಲೈಡನ್ನೂ ಅದೇ ಡಬ್ಬಿಯಲ್ಲಿ ಇಡಿ. ನಿಮ್ಮ ತಾಳೆ ಪರಾಗವನ್ನು ಯಾರಾದರೂ ಪ್ರಶ್ನಿಸಿದ ದಿನ ಮೊದಲು ಕೇಳುವುದು ಆ ಸ್ಲೈಡನ್ನೇ.